ನಾಯಕತ್ವಕ್ಕೂ ಸಿಲಬಸ್ ಇದೆಯಾ?

ಲೀಡರ್ ಆಗೋಕೆ ಹುಟ್ಟಿನಿಂದಲೇ ಆ ಗುಣ ಇರಬೇಕು, ಅದನ್ನ ಓದಿ ಕಲಿಯೋಕಾಗಲ್ಲ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದೇವೆ. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ 'ಲೀಡರ್‌ಶಿಪ್' ಚಾಪ್ಟರ್ ಬಂದರೆ ಪರೀಕ್ಷೆಯ ಹಿಂದಿನ ರಾತ್ರಿ ಐದು ಪಾಯಿಂಟ್ ಬಾಯಿಪಾಠ ಮಾಡಿ ಮುಗಿಸುತ್ತೇವೆ. ಆದರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಂಸ್ಥೆಗಳೊಳಗಿನ ನಾಯಕತ್ವ ಅನ್ನೋದು ಸಂಶೋಧನೆ ನಡೆಯುವ ಒಂದು ಪೂರ್ಣ ವಿಷಯ. ಅಲ್ಲಿ ಏನು ಓದುತ್ತಾರೆ? ಇಂಜಿನಿಯರ್ ಆಗಲು ಹೊರಟ ನಮಗೆ ಅದರಿಂದೇನು?

ಗುಣಗಳ ಪಟ್ಟಿ ಸಾಲಲಿಲ್ಲ

ಮೊದಮೊದಲು ಸಂಶೋಧಕರೂ ನಮ್ಮ ಹಾಗೇ ಯೋಚಿಸುತ್ತಿದ್ದರು. ನಾಯಕರ ಬುದ್ಧಿ, ಧೈರ್ಯ, ಮಾತುಗಾರಿಕೆ, ಎತ್ತರ ಎಲ್ಲವನ್ನೂ ಪಟ್ಟಿ ಮಾಡುತ್ತಿದ್ದರು. 1948ರಲ್ಲಿ ಅಮೆರಿಕದ ರಾಲ್ಫ್ ಸ್ಟಾಗ್‌ಡಿಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬರೀ ಗುಣಗಳಿಂದ ಯಾರೂ ನಾಯಕರಾಗಲ್ಲ, ಒಂದು ಸನ್ನಿವೇಶದಲ್ಲಿ ಮುಂದಾಳಾದವರು ಇನ್ನೊಂದರಲ್ಲಿ ಆಗದೇ ಇರಬಹುದು ಅನ್ನೋದು ಅವರ ತೀರ್ಮಾನ.

ಹಾಗಾದರೆ ನಾಯಕರ ವರ್ತನೆ? ಕರ್ಟ್ ಲೆವಿನ್ ಮತ್ತು ಇಬ್ಬರು ಸಹೋದ್ಯೋಗಿಗಳು 1939ರಲ್ಲೇ ಈ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದ್ದರು. ಮುಖವಾಡದಂಥ ವಸ್ತುಗಳನ್ನು ಮಾಡುವ ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಮೂರು ಥರದ ನಾಯಕರು: ಬರೀ ಆರ್ಡರ್ ಮಾಡುವವರು, ಚರ್ಚಿಸಿ ನಿರ್ಧರಿಸುವವರು, ಏನಾದ್ರೂ ಮಾಡ್ಕೊಳ್ಳಿ ಅಂತ ಬಿಟ್ಟುಬಿಡುವವರು. ಆರ್ಡರ್ ಮಾಡುವ ನಾಯಕ ರೂಮಿನಿಂದ ಹೊರಗೆ ಹೋದರೆ ಅಲ್ಲಿ ಕೆಲಸ ಕುಸಿಯುತ್ತಿತ್ತು. ಚರ್ಚೆ ನಡೆಸುವ ಗುಂಪು ನಾಯಕ ಇಲ್ಲದಿದ್ದರೂ ಕೆಲಸ ಮುಂದುವರಿಸುತ್ತಿತ್ತು.

ಒಂದು ರೇಸ್ ಕಾರಿನ ಪಾಠ

ಈ ವಿಷಯವನ್ನು ಥಿಯರಿ ಓದಿ ಮಾತ್ರ ಕಲಿಸೋದಿಲ್ಲ, 'ಕೇಸ್' ಕೊಟ್ಟು ಕಲಿಸುತ್ತಾರೆ. ಬಿಸಿನೆಸ್ ಸ್ಕೂಲ್‌ಗಳಲ್ಲಿ ತುಂಬಾ ಹೆಸರು ಮಾಡಿದ ಒಂದು ಕೇಸ್ 'ಕಾರ್ಟರ್ ರೇಸಿಂಗ್'. ಒಂದು ರೇಸಿಂಗ್ ತಂಡ 24 ರೇಸ್ ಓಡಿದೆ, ಅದರಲ್ಲಿ 7 ಸಲ ಎಂಜಿನ್ ಕೈಕೊಟ್ಟಿದೆ. ಇವತ್ತು ದೊಡ್ಡ ರೇಸ್. ಗೆದ್ದರೆ ಸ್ಪಾನ್ಸರ್ ಸಿಗುತ್ತಾರೆ, ಟಿ.ವಿ. ಮುಂದೆ ಎಂಜಿನ್ ಕೆಟ್ಟರೆ ಎಲ್ಲ ಮುಗೀತು. ಹವೆ ತುಂಬಾ ತಣ್ಣಗಿದೆ, ಚಳಿಗೆ ಎಂಜಿನ್ ಕೆಡುತ್ತೆ ಅಂತ ಒಬ್ಬ ಮೆಕ್ಯಾನಿಕ್‌ಗೆ ಅನುಮಾನ. ಕೆಟ್ಟ 7 ರೇಸ್‌ಗಳ ತಾಪಮಾನದ ಗ್ರಾಫ್ ನೋಡಿದರೆ ಚಳಿಗೂ ಎಂಜಿನ್‌ಗೂ ಸಂಬಂಧ ಕಾಣಲ್ಲ. ಓಡಿಸಬೇಕಾ, ಬೇಡ್ವಾ?

ಎಷ್ಟೋ ವಿದ್ಯಾರ್ಥಿಗಳು ಓಡಿಸೋಣ ಅಂತಾರೆ. ಆದರೆ ಕೆಡದೇ ಇದ್ದ ಉಳಿದ 17 ರೇಸ್‌ಗಳ ತಾಪಮಾನ ಎಷ್ಟಿತ್ತು ಅಂತ ಕೇಳುವವರು ಕಡಿಮೆ. ಆ 17 ಬಿಂದುಗಳನ್ನೂ ಗ್ರಾಫ್‌ಗೆ ಸೇರಿಸಿದರೆ ಚಿತ್ರವೇ ಬದಲಾಗುತ್ತೆ: ಕೆಡದ ರೇಸ್‌ಗಳೆಲ್ಲ ಬೆಚ್ಚಗಿನ ದಿನಗಳವು. ಆಮೇಲೆ ಮೇಷ್ಟ್ರು ನಿಜ ಹೇಳುತ್ತಾರೆ. ಅದು ರೇಸ್ ಕಾರಿನ ಡೇಟಾ ಅಲ್ಲ, ಚಾಲೆಂಜರ್ ಬಾಹ್ಯಾಕಾಶ ನೌಕೆಯದು.

1986ರ ಜನವರಿ 28ರಂದು ಚಾಲೆಂಜರ್ ಹಾರಿದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಜನ ತೀರಿಕೊಂಡರು. ಹಿಂದಿನ ರಾತ್ರಿಯೇ ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಇಂಜಿನಿಯರ್‌ಗಳು, ಈ ಚಳಿಯಲ್ಲಿ ಓ-ರಿಂಗ್ ಕೆಲಸ ಮಾಡದೇ ಇರಬಹುದು, ಉಡಾವಣೆ ಬೇಡ ಅಂದಿದ್ದರು. ಮೇಲಿನಿಂದ ಒತ್ತಡ ಬಂತು, ಕಂಪನಿಯ ಮ್ಯಾನೇಜರ್‌ಗಳು ಆ ಸಲಹೆಯನ್ನು ಹಿಂತೆಗೆದುಕೊಂಡರು. ಗೊತ್ತಿದ್ದವರು ಇದ್ದರು, ಅವರು ಹೇಳಿಯೂ ಇದ್ದರು. ಅದನ್ನ ಕೇಳಿಸಿಕೊಳ್ಳುವ ನಾಯಕತ್ವ ಇರಲಿಲ್ಲ.

ಕೆಟ್ಟ ಸುದ್ದಿ ಹೇಳುವ ಧೈರ್ಯ

ವೃತ್ತಿಜೀವನವನ್ನು ಇಂಜಿನಿಯರಾಗಿ ಶುರು ಮಾಡಿ ಹಾರ್ವರ್ಡ್ ಪ್ರಾಧ್ಯಾಪಕಿಯಾದ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧದ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಲ್ವಾ? ಲೆಕ್ಕದಲ್ಲಿ ಜಾಸ್ತಿ ಬಂತು! ಕಾರಣ, ಅಲ್ಲಿ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹೇಳಿದರೆ ಬೈಸಿಕೊಳ್ಳಲ್ಲ ಅನ್ನೋ ಈ ನಂಬಿಕೆಯನ್ನು 1999ರ ಪ್ರಬಂಧದಲ್ಲಿ ಅವರು 'ಸೈಕಲಾಜಿಕಲ್ ಸೇಫ್ಟಿ' ಅಂತ ಕರೆದರು.

ಇದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ವಿಫಲವಾಗಿ ಬಂಗಾಳ ಕೊಲ್ಲಿಗೆ ಬಿತ್ತು. ಅದರ ಯೋಜನಾ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಎದುರು ಹೊಣೆ ಹೊತ್ತು ಮಾತಾಡಿದವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಆಗ ಅವರು ನಮ್ಮ ಬೆಂಗಳೂರಿನ ಐಐಎಸ್‌ಸಿಯ ನಿರ್ದೇಶಕರೂ ಹೌದು. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ, ನೀವೇ ಮಾತಾಡಿ ಅಂತ ಕಲಾಂ ಅವರನ್ನು ಮುಂದೆ ಕಳಿಸಿದರು. ಇದನ್ನ ಕಲಾಂ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ನಮಗೇನು ಕೆಲಸ?

ಇದನ್ನೆಲ್ಲ ಓದಿದ ಮಾತ್ರಕ್ಕೆ ನಾವು ಲೀಡರ್ ಆಗಿಬಿಡಲ್ಲ. ಆದರೆ ನಾಲ್ಕು ಜನರ ಮಿನಿ ಪ್ರಾಜೆಕ್ಟ್ ಗುಂಪಲ್ಲೂ ಇದನ್ನ ಪ್ರಯೋಗ ಮಾಡಬಹುದು. ಮುಂದಿನ ರಿವ್ಯೂಗೆ ಮುಂಚೆ ಟೀಮ್ ಲೀಡರ್ ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳಲಿ, ಯಾವಾಗಲೂ ಸುಮ್ಮನಿರುವವರಿಗೆ ಮೊದಲು ಮಾತಾಡೋಕೆ ಬಿಡಲಿ. ನಮ್ಮ ಗ್ರಾಫಲ್ಲಿ ಇಲ್ಲದ ಬಿಂದುಗಳು ಯಾವುವು ಅಂತ ಒಬ್ಬರಾದರೂ ಕೇಳಲಿ. ಸೆನ್ಸರ್ ರೀಡಿಂಗ್ ಸರಿ ಬರ್ತಿಲ್ಲ ಅಂದವರಿಗೆ ಬೈಯೋ ಬದಲು ಥ್ಯಾಂಕ್ಸ್ ಹೇಳೋಣ. ಈಗ ತಪ್ಪಿದರೆ ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋಗುತ್ತೆ ಅಷ್ಟೇ. ನಾಲ್ಕೈದು ವರ್ಷ ಬಿಟ್ಟು ನಮ್ಮ ಕೈಯಲ್ಲಿ ಇರೋದು ಯಾರದೋ ಕಾರಿನ ಬ್ರೇಕ್, ಯಾವುದೋ ಊರಿನ ಸೇತುವೆ.