ಗುಪ್ತಕಾಶಿಯಲ್ಲಿ ನಿಂತ ಯಾತ್ರೆ

ರಜೆಯ ದಿನಗಳು ಸಮೀಪಿಸಿದವೆಂದರೆ ನಮ್ಮ ಸಮಾಜದ ಮನೆಗಳಲ್ಲಿ ಯಾತ್ರೆಯ ಮಾತು ಆರಂಭವಾಗುತ್ತದೆ. ಹಿರಿಯರಿಗೆ ಕ್ಷೇತ್ರದರ್ಶನವಾಗಬೇಕು, ಮಕ್ಕಳು ಹೊಸ ನಾಡನ್ನು ಕಾಣಬೇಕು, ನೌಕರಿಯಲ್ಲಿರುವವರಿಗೆ ಕೊಂಚ ವಿಶ್ರಾಂತಿ ದೊರೆಯಬೇಕು. ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಕೂಡಿಸುವುದು ನಮ್ಮಲ್ಲಿ ವಾಡಿಕೆ. ಅಂತಹ ಒಂದು ಪ್ರವಾಸದ ಸಂಗತಿಯನ್ನು, ಅದರಲ್ಲಿ ನಮ್ಮಿಂದಾದ ತಪ್ಪನ್ನೂ ಮುಚ್ಚಿಡದೆ, ಸದ್ಭಕ್ತರ ಮುಂದೆ ಇಡಬಯಸುತ್ತೇವೆ.

ಹಿಮಾಲಯದ ಕೇದಾರನಾಥದೊಡನೆ ನಮ್ಮ ಸಮಾಜದ ಸಂಬಂಧ ಬಹು ಹಳೆಯದು. ಅಲ್ಲಿಯ ರಾವಲ ಪದವಿಗೆ ವೀರಶೈವ ಜಂಗಮರು ಬರುತ್ತಾರೆ. ಅರ್ಚಕರು ಕರ್ನಾಟಕದಿಂದ ಹೋಗುವ ಪರಂಪರೆಯಿದೆ. ಸುಮಾರು 3,580 ಮೀಟರ್ ಎತ್ತರದಲ್ಲಿರುವ ಮಂದಿರವು ಚಳಿಗಾಲದಲ್ಲಿ ಮುಚ್ಚಿದಾಗ ಪೂಜೆ ಊಖಿಮಠದಲ್ಲಿ ನಡೆಯುತ್ತದೆ. ಆದುದರಿಂದ ಕೇದಾರವೆಂದರೆ ನಮ್ಮವರಿಗೆ ದೂರದ ಊರೆನಿಸುವುದಿಲ್ಲ.

2013ರ ಬೇಸಿಗೆಯಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಕುಟುಂಬವೊಂದು ಯಾತ್ರೆಗೆ ಹೊರಟಿತು. ಎಪ್ಪತ್ತು ದಾಟಿದ ತಾಯಿ, ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು. ಮಗನಿಗೆ ಮೇ ತಿಂಗಳಿನಲ್ಲಿ ರಜೆ ದೊರೆಯದ ಕಾರಣ ಜೂನ್ ಎರಡನೆಯ ವಾರ ನಿಶ್ಚಯವಾಯಿತು. ಆ ಭಾಗಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ ಕೊನೆಗೆ ಮುಟ್ಟುವುದೆಂಬುದನ್ನು ತಿಳಿದಿದ್ದ ನಾವು, “ಅಷ್ಟರೊಳಗೆ ಮುಗಿಸಿಕೊಂಡು ಬನ್ನಿರಿ, ಮಳೆಯ ಭಯವಿಲ್ಲ” ಎಂದೆವು. ಯಾವ ದಿನ ಎಲ್ಲಿ ತಂಗಬೇಕೆಂಬ ಪಟ್ಟಿಯನ್ನೂ ಬರೆದುಕೊಟ್ಟೆವು. ಆ ಪಟ್ಟಿಯಲ್ಲಿ ಬಿಡುವಿನ ದಿನ ಒಂದೂ ಇರಲಿಲ್ಲ. ಜೂನ್ 16ರಂದು ಗೌರಿಕುಂಡದಿಂದ ಬೆಟ್ಟ ಹತ್ತುವುದು, ಅಂದಿನ ರಾತ್ರಿ ಕೇದಾರದಲ್ಲಿ ವಸತಿ, 17ರ ಬೆಳಿಗ್ಗೆ ದರ್ಶನ, ಇದು ನಮ್ಮ ಲೆಕ್ಕ.

15ರ ಸಂಜೆ ಗುಪ್ತಕಾಶಿಯಿಂದ ಮಗನ ದೂರವಾಣಿ ಬಂದಿತು. “ಶಾಸ್ತ್ರಿಗಳ, ಇಲ್ಲಿ ಮಳಿ ಬಿಡವಲ್ದು. ಅವ್ವ ಮುಂದ ಬರಾಕ ಒಲ್ಲೆ ಅಂತಾಳ್ರೀ. ನೀವರ ಹೇಳ್ರಿ” ಎಂದರು. ನಾವು ಆ ತಾಯಿಗೆ, “ಅಷ್ಟು ದೂರ ಹೋಗಿ ದರ್ಶನವಿಲ್ಲದೆ ತಿರುಗಬಾರದು. ಯಾತ್ರೆಯಲ್ಲಿ ಕಷ್ಟ ಬರುವುದು ಸಹಜ” ಎಂದು ಉಪದೇಶಿಸಿದೆವು. ಆಕೆ ಶಾಂತವಾಗಿಯೇ ಉತ್ತರ ಕೊಟ್ಟರು: “ಗುಡಿ ಎಲ್ಲಿಗೂ ಹೋಗೂದಿಲ್ರೀ. ಮಳಿ ನಿಲ್ಲಲಿ, ಆಮ್ಯಾಲ ಹೋಗೂಣು. ಲಿಂಗಪ್ಪ ಕೊಳ್ಳಾಗ ಅದಾನ, ನಾ ಇಲ್ಲೇ ಪೂಜಿ ಮಾಡ್ಕೊಂತೀನಿ.” ನಮಗೆ ಅಂದು ಕೊಂಚ ಅಸಮಾಧಾನವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಮುಂದೆ ನಡೆದುದನ್ನು ಇಡೀ ದೇಶ ಬಲ್ಲದು. ಆ ವರ್ಷ ಮುಂಗಾರು ವಾಡಿಕೆಗಿಂತ ಬಹು ಮುಂಚಿತವಾಗಿ, ಜೂನ್ 16ರಂದೇ ದೇಶವನ್ನೆಲ್ಲ ವ್ಯಾಪಿಸಿತು. ಪೂರ್ವದಿಂದ ಬಂದ ಮುಂಗಾರಿನ ತೇವಭರಿತ ಗಾಳಿಯೂ ಪಶ್ಚಿಮದಿಂದ ಬಂದ ಶೀತಮಾರುತವೂ ಹಿಮಾಲಯದ ಮಡಿಲಲ್ಲಿ ಸಂಧಿಸಿ ಮಳೆ ಎಡೆಬಿಡದೆ ಸುರಿಯಿತು. 16ರ ಸಂಜೆಯೇ ಕೇದಾರಪುರಿಗೆ ಪ್ರವಾಹ ನುಗ್ಗಿತು. 17ರ ಬೆಳಿಗ್ಗೆ ಮಂದಿರದ ಮೇಲ್ಭಾಗದಲ್ಲಿದ್ದ ಚೋರಾಬಾರಿ ಸರೋವರದ ಕಲ್ಲುಮಣ್ಣಿನ ದಂಡೆ ಒಡೆದು, ನೀರು ಬಂಡೆಗಳನ್ನು ಹೊತ್ತು ಊರಿನ ಮೇಲೆ ಎರಗಿತು. ನಡುದಾರಿಯ ರಾಮಬಾಡಾ ಎಂಬ ಊರು ಕೊಚ್ಚಿಹೋಯಿತು. ಮರಣ ಹೊಂದಿದವರೂ ಕಾಣೆಯಾದವರೂ ಸೇರಿ ಐದು ಸಾವಿರಕ್ಕೂ ಮಿಕ್ಕಿದ ಜೀವಗಳು ಹೋದವು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೈನಿಕರು, ವಾಯುಪಡೆಯವರು ಮತ್ತು ಇತರ ಪಡೆಗಳವರು ಪಾರುಮಾಡಿದರು. ಆ ಸೇವೆಯಲ್ಲಿಯೇ ಜೂನ್ 25ರಂದು ಹೆಲಿಕಾಪ್ಟರ್ ಬಿದ್ದು, ಅದರಲ್ಲಿದ್ದ 20 ಮಂದಿ ಪ್ರಾಣ ತೆತ್ತರು.

ನಮ್ಮ ಪಟ್ಟಿಯಂತೆ ನಡೆದಿದ್ದರೆ ಆ ಐವರೂ ಅಂದು ರಾತ್ರಿ ಕೇದಾರದಲ್ಲಿಯೇ ಇರುತ್ತಿದ್ದರು. ಅವರು ಗುಪ್ತಕಾಶಿಯಲ್ಲಿ ನಿಂತರೋ, ನಮ್ಮ ಮಾತಿಗೆ ಕಟ್ಟುಬಿದ್ದು ಮುಂದೆ ಹೋದರೋ ನಮಗೆ ತಿಳಿಯದು. ದೂರವಾಣಿ ಸಂಪರ್ಕ ಕಡಿದಿತ್ತು. ಊರಿನಲ್ಲಿದ್ದ ಕಿರಿಯ ಮಗ ದಿನವೂ ಬಂದು ನಮ್ಮೆದುರು ಸುಮ್ಮನೆ ಕುಳಿತು ಹೋಗುತ್ತಿದ್ದ. ಒಂದು ದಿನವೂ ಆತ ನಮ್ಮನ್ನು ದೂರಲಿಲ್ಲ. ಅದೇ ನಮಗೆ ದುಸ್ಸಹವಾಯಿತು. ಪೂಜೆಗೆ ಕುಳಿತರೆ ಕೈಯಲ್ಲಿ ಲಿಂಗವಿದ್ದರೂ ಕಣ್ಣ ಮುಂದೆ ನಾವು ಬರೆದ ಪಟ್ಟಿಯೇ ಬರುತ್ತಿತ್ತು.

22ರಂದು ಸುದ್ದಿ ಬಂದಿತು. ಮಗ ಕೊನೆಗೆ ತಾಯಿಯ ಮಾತನ್ನೇ ನಡೆಸಿದ್ದ. ಗುಪ್ತಕಾಶಿ ನದಿಯಿಂದ ಎತ್ತರದಲ್ಲಿರುವ ಊರಾದುದರಿಂದ ಉಳಿದುಕೊಂಡಿತ್ತು. ಮೇಲಿನ ರಸ್ತೆಯೂ ಕೆಳಗಿನ ರಸ್ತೆಯೂ ಕುಸಿದಿದ್ದವು. ವಸತಿಗೃಹದ ಯಜಮಾನನು ಇದ್ದ ಅಕ್ಕಿ ಬೇಳೆಯಲ್ಲಿ ಎಲ್ಲರಿಗೂ ಬೇಯಿಸಿ ಹಾಕಿ, ಹೆಚ್ಚಿನ ಹಣ ಮುಟ್ಟಲಿಲ್ಲವಂತೆ. ಆ ಕಣಿವೆಯಲ್ಲಿ ತನ್ನ ಬಂಧುಗಳು ಏನಾದರೆಂಬುದು ಆತನಿಗೇ ಗೊತ್ತಿರಲಿಲ್ಲ. ಇದಕ್ಕಿಂತ ಮಿಗಿಲಾದ ದಾಸೋಹ ಯಾವುದು? ಕೆಲವೆಡೆ ನಡೆದು, ಕೆಲವೆಡೆ ಜೀಪು ಹಿಡಿದು, ಸುತ್ತುದಾರಿಯಲ್ಲಿ ಅವರು ಋಷಿಕೇಶ ಸೇರಿದ್ದರು.

ಊರಿಗೆ ಬಂದ ಮೇಲೆ ನಾವು ಅವರ ಮನೆಗೆ ಹೋಗಿ ಆ ತಾಯಿಯ ಕ್ಷಮೆ ಕೇಳಿದೆವು. “ನೀವು ಒಳ್ಳೇದಕ್ಕ ಹೇಳಿದ್ರಿ ಬಿಡ್ರಿ. ಕೂಸುಗಳ ಕಾಲು ತಣ್ಣಗಾಗಿದ್ವು, ಅದಕ್ಕ ಒಲ್ಲೆ ಅಂದೆ” ಎಂದಷ್ಟೇ ನುಡಿದರು. ಇಷ್ಟಲಿಂಗವನ್ನು ಧರಿಸಿದವನಿಗೆ ದೇವರು ಅಂಗದ ಮೇಲೆಯೇ ಇರುವನೆಂದು ನಲವತ್ತು ವರ್ಷ ಪ್ರವಚನ ಮಾಡಿದವರು ನಾವು. ಸಮಯ ಬಂದಾಗ ಆ ತತ್ತ್ವದಂತೆ ನಡೆದವರು ಅವರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಉಳಿದವರು ಪುಣ್ಯವಂತರು, ಹೋದವರು ಪಾಪಿಗಳೆಂದು ಯಾರೂ ಭಾವಿಸಬಾರದು. ಅಂದು ಮಂದಿರದ ಹಿಂದೆ ದೊಡ್ಡ ಬಂಡೆಯೊಂದು ಬಂದು ನಿಂತು, ಪ್ರವಾಹವನ್ನು ಇಬ್ಬದಿಗೆ ಸೀಳಿ ಗುಡಿಯನ್ನು ಕಾಯಿತು. ಭಕ್ತರು ಅದನ್ನು ಶಿವಕೃಪೆ ಎನ್ನುವರು, ನಾವೂ ಕೈಮುಗಿಯುತ್ತೇವೆ. ಆದರೆ ನೀರಿನಲ್ಲಿ ಹೋದವರೂ ಭಕ್ತರೇ ಆಗಿದ್ದರು.

ಈಗ ಯಾತ್ರಿಕರ ನೋಂದಣಿ ಕಡ್ಡಾಯವಾಗಿದೆ, ಹವಾಮಾನದ ಮುನ್ಸೂಚನೆ ಕೈಯಲ್ಲಿಯೇ ದೊರೆಯುತ್ತದೆ. ಆದರೂ 2024ರ ಜುಲೈ 31ರ ಮಳೆಗೆ ಅದೇ ದಾರಿ ಕುಸಿದು ಸಾವಿರಾರು ಜನ ಸಿಕ್ಕಿಕೊಂಡರು. ಆದುದರಿಂದ ಹೊರಡುವವರಲ್ಲಿ ನಮ್ಮ ವಿನಂತಿ ಇಷ್ಟೇ. ಬೆಟ್ಟದ ಪ್ರವಾಸಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿರಿ. ಮನೆಯ ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಮಕ್ಕಳ ಜೇಬಿನಲ್ಲಿಯೂ ಇಡಿರಿ. ಮುಂಗಡ ಕೊಟ್ಟ ಹಣ ಹೋದರೆ ಹೋಗಲಿ. ಕುಟುಂಬದಲ್ಲಿ ಒಬ್ಬರು, ಅವರು ಹಿರಿಯರಿರಲಿ ಕಿರಿಯರಿರಲಿ, ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಿರಿ. ಹಿಂದಿರುಗುವುದು ಭಕ್ತಿಗೆ ಕುಂದಲ್ಲ.

ಆ ತಾಯಿ 2019ರಲ್ಲಿ ಲಿಂಗೈಕ್ಯರಾದರು. ಕೇದಾರದರ್ಶನ ಅವರಿಗೆ ಕೊನೆಗೂ ಆಗಲಿಲ್ಲ. ಅದಕ್ಕಾಗಿ ಅವರು ಕೊರಗಿದ್ದನ್ನು ನಾವು ಕಾಣಲಿಲ್ಲ. ಈಗಲೂ ಯಾರಾದರೂ ದಿನ ಕೇಳಲು ಬಂದರೆ, ಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಟ್ಟು, ಈ ಸಂಗತಿಯನ್ನು ಹೇಳಿಯೇ ಕಳುಹಿಸುತ್ತೇವೆ. ಹೊರಟವರೆಲ್ಲರೂ ಸುಖವಾಗಿ ಮನೆ ಸೇರಲೆಂಬುದೇ ನಮ್ಮ ಹಾರೈಕೆ.