ಮೊದಲು ರೈಲು, ತರುವಾಯ ಹೋಟೆಲು

ಹಳೆಯ ರೈಲ್ವೆ ನಿಲ್ದಾಣಗಳನ್ನು ಕೆಡವದೆ, ಅವುಗಳಲ್ಲಿಯೇ ತಂಗುವ ಹೋಟೆಲುಗಳನ್ನು ಸ್ಥಾಪಿಸಿ, ರೈಲು ಬಸ್ಸುಗಳೆಲ್ಲ ಒಂದೆಡೆ ಕೂಡುವಂತೆ ಏರ್ಪಡಿಸಬೇಕೆಂಬ ಅಭಿಪ್ರಾಯವು ದೇಶವಿದೇಶಗಳಲ್ಲಿ ಬಲಗೊಳ್ಳುತ್ತಿದೆ. ಇದನ್ನು ನಾವು ವಿರೋಧಿಸುವವರಲ್ಲ. ಆದರೆ ನಿಲ್ದಾಣವು ಯಾರಿಗಾಗಿ ಹುಟ್ಟಿತೋ ಅವರನ್ನೇ ಮರೆತು ಮಾಡುವ ಜೀರ್ಣೋದ್ಧಾರವು, ದೇವರನ್ನು ಹೊರಗಿಟ್ಟು ಗುಡಿಗೆ ಸುಣ್ಣ ಬಳಿದಂತೆ ಎಂಬುದನ್ನು ಅಧಿಕಾರಿವರ್ಗದವರ ಅವಗಾಹನೆಗೆ ತರಬಯಸುತ್ತೇವೆ.

ಲಂಡನ್ ನಗರದ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಚರಿತ್ರೆಯು ಈ ವಿಷಯದಲ್ಲಿ ಬೋಧಪ್ರದವಾಗಿದೆ. ಅದರ ಮುಂಭಾಗದ ಭವ್ಯವಾದ ಹೋಟೆಲು 1873ರಲ್ಲಿ ಪ್ರಾರಂಭವಾಗಿ, ಕಾಲಕ್ಕೆ ತಕ್ಕ ಅನುಕೂಲಗಳಿಲ್ಲದೆ 1935ರಲ್ಲಿ ಮುಚ್ಚಿತು. ಮುಂದೆ ಕಟ್ಟಡವನ್ನೇ ಕೆಡವುವ ಪ್ರಸ್ತಾಪ ಬಂದಾಗ ಕವಿ ಜಾನ್ ಬೆಟ್ಜಮನ್ ಮೊದಲಾದವರು ಪ್ರತಿಭಟಿಸಿದ್ದರಿಂದ, 1967ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. 2007ರಲ್ಲಿ ಪ್ಯಾರಿಸಿನ ರೈಲುಗಳು ಅಲ್ಲಿಗೆ ಬಂದವು. ಹೋಟೆಲು ಮತ್ತೆ ತೆರೆದುದು 2011ರಲ್ಲಿ. ಮೊದಲು ರೈಲು, ತರುವಾಯ ಹೋಟೆಲು. ಈ ಕ್ರಮದಲ್ಲಿಯೇ ನೀತಿಯಿದೆ. ನಮ್ಮ ದೇಶದಲ್ಲಿಯೂ ಗುಜರಾತಿನ ಗಾಂಧಿನಗರದ ನಿಲ್ದಾಣದ ಮೇಲೆ ಕಟ್ಟಿದ ದೊಡ್ಡ ಹೋಟೆಲು 2021ರಲ್ಲಿ ಉದ್ಘಾಟನೆಯಾಗಿದೆ.

ಹಳೆಯ ಸೌಧವನ್ನು ಹೋಟೆಲಾಗಿಸುವುದು ಮೈಸೂರಿನವರಿಗೆ ಹೊಸದಲ್ಲ. ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಗೋಡೆ ಉಳಿಯಿತು, ಗುಮ್ಮಟ ಉಳಿಯಿತು; ಸಾಮಾನ್ಯನು ಮಾತ್ರ ಹೊರಗಿನಿಂದ ನೋಡಿ ಹೋಗುತ್ತಾನೆ. ಅರಮನೆಯ ಮಟ್ಟಿಗೆ ಇದನ್ನು ಸಹಿಸಬಹುದು. ಅರಮನೆ ಅವನದಾಗಿರಲಿಲ್ಲ. ನಿಲ್ದಾಣವಾದರೋ ಅವನದೇ.

ಕಂಪಲಾಪುರದ ರೈತನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೈಸೂರಿಗೆ ರೈಲು ಬಂದುದು 1882ರಲ್ಲಿ. ಅವನ ಊರಿನಲ್ಲಿ ಹೊಗೆಸೊಪ್ಪಿನ ಹರಾಜುಕಟ್ಟೆಯಿದೆ, ಮಡಿಕೇರಿಯ ಹೆದ್ದಾರಿಯಿದೆ, ರೈಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ಹಳಿ ಹಾಕುವ ಮಾತನ್ನು ಅವನು ಬಹುಕಾಲದಿಂದ ಕೇಳುತ್ತ ಬಂದಿದ್ದಾನೆ. ಬೆಂಗಳೂರಿನ ರೈಲು ಹಿಡಿಯಬೇಕಾದರೆ ಅವನು ಬಸ್ಸಿನಲ್ಲಿ ಮೈಸೂರಿಗೆ ಬರಬೇಕು. ಅಲ್ಲಿ ಗ್ರಾಮಾಂತರ ಬಸ್ ನಿಲ್ದಾಣವೇ ಬೇರೆ, ರೈಲ್ವೆ ನಿಲ್ದಾಣವೇ ಬೇರೆ. ನಡುವೆ ಗಂಟುಮೂಟೆ ಹೊತ್ತು ನಡೆಯಬೇಕು, ಇಲ್ಲವೆ ಆಟೋರಿಕ್ಷಾಕ್ಕೆ ಹಣ ತೆರಬೇಕು. ರಾತ್ರಿ ರೈಲು ತಪ್ಪಿದರೆ ಪ್ಲಾಟ್‌ಫಾರಂ ಬೆಂಚೇ ಗತಿ. ಮೈಸೂರಿನ ನಿಲ್ದಾಣಕ್ಕೆ ನಾಳೆ ಇಂತಹ ಯೋಜನೆಯೊಂದು ಬರುವುದಾದರೆ, ಅದು ಪರಿಹರಿಸಬೇಕಾದ ಮೊದಲನೆಯ ಕಷ್ಟ ಇವನದು.

ಇದಕ್ಕೆ ದಾರಿಯನ್ನು ಪರದೇಶದಿಂದ ಕಲಿಯಬೇಕಾಗಿಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಜಾಗವನ್ನು ಕೊಂಡು ಪ್ರಯಾಣಿಕರಿಗಾಗಿ ಛತ್ರವನ್ನು ಕಟ್ಟಿಸಿದರು. 1903ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ಪ್ರಾರಂಭಿಸಿದರು. ರೈಲಿಳಿದವನಿಗೆ ನೆರಳು ಎದುರಿನಲ್ಲಿಯೇ ಇರಬೇಕೆಂಬ ಸೂಕ್ಷ್ಮವು ಒಬ್ಬ ವರ್ತಕರಿಗೆ ಅಂದೇ ಹೊಳೆದಿತ್ತು. ಇಷ್ಟು ದೊಡ್ಡ ಇಲಾಖೆಗೆ ಇಂದು ಹೊಳೆಯದಿರಲು ಕಾರಣವಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಹಳೆಯ ಕಟ್ಟಡದ ಮುಖವನ್ನೂ ಕೆಲಸವನ್ನೂ ಕೆಡಿಸಕೂಡದು. ಬಸ್ಸಿನಿಂದಿಳಿದವನು ಬಿಸಿಲು ಮಳೆ ಕಾಣದೆ ರೈಲಿನ ಬಾಗಿಲಿಗೆ ಬರುವಂತಾಗಬೇಕು. ಹೋಟೆಲಿನಲ್ಲಿ ಸಿರಿವಂತರ ಕೊಠಡಿಗಳ ಸಂಗಡ, ಅಲ್ಪ ಬಾಡಿಗೆಯ ಹಾಸಿಗೆಗಳನ್ನು ಬಡ ಪ್ರಯಾಣಿಕರಿಗಾಗಿ ಕರಾರಿನಲ್ಲಿಯೇ ಕಾದಿರಿಸಬೇಕು. ಬಾಯಿಮಾತಿನ ಭರವಸೆ ಸಾಲದು. ಹೋಟೆಲಿನ ಲಾಭವು ನಿಲ್ದಾಣವನ್ನು ಸಾಕಲಿ. ನಿಲ್ದಾಣವು ಹೋಟೆಲಿನ ಹೆಬ್ಬಾಗಿಲಾಗುವುದು ಬೇಡ. ಯೋಜನೆಯ ನಕ್ಷೆಗೆ ರುಜು ಹಾಕುವ ಮಹನೀಯರು ಒಂದು ದಿನ ಕಂಪಲಾಪುರದ ಬಸ್ಸನ್ನೇರಿ, ಚೀಲ ಹಿಡಿದು ರೈಲಿಗೆ ನಡೆದು ನೋಡುವರೆಂದು ಹಾರೈಸುತ್ತೇವೆ.