ಬಿರುವಿನ ನೆನಪು, ಗರಡಿಯ ಸಾಮು: ಬಾಲ ಬಿಲ್ಲುಗಾರರ ಅಂಗಸಾಧನೆ

ತುಳುವಿನಲ್ಲಿ ಬಿಲ್ಲಿಗೆ ‘ಬಿರು’ ಎಂದೂ ಬಾಣಕ್ಕೆ ‘ಪಗರಿ’ ಎಂದೂ ಹೆಸರು. ಬಿಲ್ಲವ, ಬಿರುವ ಎಂಬ ಸಮುದಾಯನಾಮಗಳನ್ನು ಈ ಪದದೊಂದಿಗೆ ಜೋಡಿಸುವ ವಿವರಣೆ ಬಹುಕಾಲದಿಂದ ಪ್ರಚಲಿತವಾಗಿದೆ. ಅಲೆವೂರಿಗೆ ಸಮೀಪದ ಉದ್ಯಾವರ ಆಳುಪರ ರಾಜಧಾನಿಯಾಗಿತ್ತು. ಅಲ್ಲಿ ಕಾದಿ ಮಡಿದವರನ್ನು 8ನೆಯ ಶತಮಾನದ ವೀರಗಲ್ಲು ಶಾಸನಗಳು ಸ್ಮರಿಸುತ್ತವೆ. ಆದರೆ ಈ ಸೀಮೆಯ ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ-ಚೆನ್ನಯರ ಆಯುಧ ಬಿಲ್ಲಲ್ಲ, ಸುರಿಗೆ. ಎಣ್ಮೂರಿನ ಕಾಳಗದಲ್ಲಿ ಕೋಟಿ ಬಾಣದ ಪೆಟ್ಟಿಗೆ ಬಿದ್ದನೆಂದು ಪಾಡ್ದನದ ಪ್ರಚಲಿತ ಪಾಠ ಹೇಳುತ್ತದೆ. ಹೀಗೆ ಬಿಲ್ಲು ಹೆಸರಿನಲ್ಲಿಯೂ ವೀರಮರಣದ ಕಥನದಲ್ಲಿಯೂ ಉಳಿದಿದೆ. ಗರಡಿಯ ಅಂಗಸಾಧನೆಯ ತಿಳಿವು ಇಂದು ಬಿಲ್ಲು ಹಿಡಿಯುವ ಬಾಲಕ ಬಾಲಕಿಯರಿಗೆ ಎಷ್ಟರಮಟ್ಟಿಗೆ ಒದಗಬಲ್ಲದು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕನ್ನಡ ನಾಡಿನಲ್ಲಿ ಸಾಮಿನ ಶಾಸ್ತ್ರ ಹಳೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ವು ಮಲ್ಲರ ಸಾಧನೆಯನ್ನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾಗಿ ವಿಂಗಡಿಸುತ್ತದೆ. ಭಾರ ಹೊರುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ—ಒಂದೊಂದಕ್ಕೂ ಬೇರೆ ಉದ್ದೇಶವಿದೆ ಎಂಬ ಅರಿವು ಈ ವಿಂಗಡಣೆಯಲ್ಲಿದೆ. ಇಂದಿನ ಕ್ರೀಡಾ ತರಬೇತಿಯೂ ಇದೇ ತತ್ತ್ವವನ್ನು ಆಧರಿಸಿದೆ.

ಹಾಗಾದರೆ ಬಿಲ್ಲು ದೇಹದಿಂದ ಏನನ್ನು ಬೇಡುತ್ತದೆ? ಒಲಿಂಪಿಕ್ ಸ್ಪರ್ಧೆಯಲ್ಲಿ ಗುರಿಯ ದೂರ 70 ಮೀಟರ್; ಗುರಿಹಲಗೆಯ ವೃತ್ತದ ವ್ಯಾಸ 122 ಸೆಂಟಿಮೀಟರ್; ಹತ್ತು ಅಂಕಗಳ ನಡುವೃತ್ತ ಕೇವಲ 12.2 ಸೆಂಟಿಮೀಟರ್. ಬಾಣದ ದಿಕ್ಕು ಒಂದು ಡಿಗ್ರಿ ಓರೆಯಾದರೆ ಆ ದೂರದಲ್ಲಿ ಸುಮಾರು 122 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಎಂದರೆ, ನಡುವಿಗೆ ಹಿಡಿದ ಗುರಿ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದರೂ ಬಾಣ ವೃತ್ತದ ಹೊರಗೆ ಹೋಗುತ್ತದೆ. ಅರ್ಹತಾ ಸುತ್ತಿನಲ್ಲಿ ಬಿಡಬೇಕಾದ ಬಾಣಗಳು 72. ಮೊದಲ ಬಾಣದಲ್ಲಿದ್ದ ಸ್ಥಿರತೆಯೇ ಕೊನೆಯದರಲ್ಲೂ ಇರಬೇಕು. ಆದ್ದರಿಂದ ಇಲ್ಲಿ ಒಮ್ಮೆಲೇ ಚಿಮ್ಮುವ ಬಲಕ್ಕಿಂತ ಒಂದೇ ನಿಲುವನ್ನು ಮತ್ತೆ ಮತ್ತೆ ಕಾಯ್ದುಕೊಳ್ಳುವ ತಾಳಿಕೆ ಮುಖ್ಯವಾಗುತ್ತದೆ.

ಹೆದೆಯನ್ನು ಎಳೆಯುವುದು ತೋಳಿನ ಕೆಲಸವೆಂಬುದು ಸಾಮಾನ್ಯ ಗ್ರಹಿಕೆ. ವಾಸ್ತವವಾಗಿ ಹೆಗಲ ಹಲಗೆಯನ್ನು ಬೆನ್ನೆಲುಬಿನತ್ತ ಸೆಳೆಯುವ ಬೆನ್ನಿನ ಸ್ನಾಯುಗಳು ಮುಖ್ಯ ಭಾರವನ್ನು ವಹಿಸಬೇಕು. ಗರಡಿಯ ಬಸ್ಕಿಯು ಕಾಲು ಸೊಂಟಗಳಿಗೆ ಬಲ ಕೊಟ್ಟು ನಿಲುವಿಗೆ ನೆರವಾಗುತ್ತದೆ. ದಂಡವು ಬಿಲ್ಲನ್ನು ಮುಂದೊತ್ತುವ ಕೈಯನ್ನೂ ನಡುವನ್ನೂ ಗಟ್ಟಿಗೊಳಿಸುತ್ತದೆ. ಆದರೆ ದಂಡ ಮೂಲತಃ ಒತ್ತುವ ಸಾಧನೆ. ಎಳೆಯುವ ಸಾಧನೆಗೆ ಮಲ್ಲಕಂಬ, ಹಗ್ಗ ಹತ್ತುವಿಕೆ ಅಥವಾ ರಬ್ಬರ್ ಪಟ್ಟಿಯನ್ನು ಎದೆಯ ಮಟ್ಟದಲ್ಲಿ ಎಳೆದು ಕೆಲವು ಕ್ಷಣ ಹಿಡಿಯುವ ಕ್ರಮ ಸೇರಬೇಕು. ಒಂದೇ ಮಗ್ಗುಲಿನ ಎಳೆತದಿಂದ ದೇಹದ ಸಮತೋಲ ಕೆಡದಂತೆ ಎದುರು ಮಗ್ಗುಲಿಗೂ ಅದೇ ಸಾಧನೆ ಅಗತ್ಯ. ಬಾಣವಿಲ್ಲದೆ ಎಳೆದ ಹೆದೆಯನ್ನು ಒಮ್ಮೆಲೇ ಬಿಟ್ಟರೆ ಬಿಲ್ಲೇ ಒಡೆಯಬಹುದಾದುದರಿಂದ ಅದನ್ನು ನಿಧಾನವಾಗಿ ಹಿಂದಕ್ಕೆ ತರಬೇಕು.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆಳೆಯುವ ಮೂಳೆಗಳ ತುದಿ ಮೃದುವಾಗಿದ್ದು, ಅತಿಯಾದ ಪುನರಾವರ್ತನೆಯಿಂದ ಹೆಗಲು ಮೊಣಕೈಗಳು ನೋಯುತ್ತವೆ. ಎಳೆಯುವಾಗ ಹೆಗಲು ಕಿವಿಯತ್ತ ಏರಿದರೆ, ಸೊಂಟ ಹಿಂದಕ್ಕೆ ಬಾಗಿದರೆ, ಬಿಲ್ಲು ಆ ಮಗುವಿಗೆ ಭಾರವಾಯಿತೆಂದೇ ಅರ್ಥ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಬಲಸಾಧನೆ ಮಾಡಿಸುವುದು ಒಳಿತು. ನೋವನ್ನು ಸಹಿಸುವುದೇ ಶೌರ್ಯವೆಂಬ ವೀರಕಥನದ ಮೌಲ್ಯವನ್ನು ಮಕ್ಕಳ ದೇಹದ ಮೇಲೆ ಹೇರಬಾರದು.

ಬಿಲ್ವಿದ್ಯೆ ಕೆಲವರ ರಕ್ತದಲ್ಲಿಯೇ ಇದೆ ಎಂಬ ಮಾತೂ ವಿಮರ್ಶಾರ್ಹ. ರಾಜಸ್ಥಾನದ ಆದಿವಾಸಿ ಕುಟುಂಬದ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಆರಂಭಿಸಿ 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. ಕಲ್ಲಿನಿಂದ ಮಾವಿನಕಾಯಿಗೆ ಗುರಿಯಿಟ್ಟು, ಬಿದಿರಿನ ಬಿಲ್ಲಿನಿಂದ ಅಭ್ಯಾಸ ಮಾಡಿ ಬೆಳೆದ ಜಾರ್ಖಂಡಿನ ದೀಪಿಕಾ ಕುಮಾರಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಬಾಲ್ಯದ ಬಳಕೆ ಇವರಿಗೆ ಬುನಾದಿಯಾಯಿತು. ಅದನ್ನು ಸಾಧನೆಯಾಗಿ ಬೆಳೆಸಿದ್ದು ವರ್ಷಗಳ ವ್ಯವಸ್ಥಿತ ತರಬೇತಿ. ಕುಲನಾಮದಲ್ಲಿ ಬಿಲ್ಲಿದ್ದ ಮಾತ್ರಕ್ಕೆ ಕೈ ಪಳಗುವುದಿಲ್ಲ. ಇಲ್ಲದ ಮಾತ್ರಕ್ಕೆ ಆ ವಿದ್ಯೆ ಯಾರಿಗೂ ನಿಷಿದ್ಧವೂ ಅಲ್ಲ.

ಜೀರ್ಣೋದ್ಧಾರಗೊಂಡ ಹಲವು ಗರಡಿಗಳಲ್ಲಿ ಆರಾಧನೆ ಬೆಳಗಿದೆ. ಸಾಮಿನ ಅಂಗಳ ಮಾತ್ರ ಮರೆಯಾಗಿದೆ. ಬಾಣ ಬಿಡಲು ಬೇಲಿಯುಳ್ಳ ಪ್ರತ್ಯೇಕ ಬಯಲೇ ಬೇಕು. ಗರಡಿಯ ಅಂಗಳ ಅದಕ್ಕೆ ತಕ್ಕುದಲ್ಲ. ಆದರೆ ಬಸ್ಕಿ, ದಂಡ, ಕಂಬದ ಸಾಧನೆಗಳಿಗೆ ಅದು ಸಾಕು. ವೈದ್ಯಕೀಯ ವಿದ್ಯಾಕೇಂದ್ರವಾದ ಮಣಿಪಾಲ ಅಲೆವೂರಿಗೆ ನೆರೆಯಲ್ಲೇ ಇದೆ. ಸಾಮು ಬಲ್ಲ ಹಿರಿಯರೂ ದೇಹವಿಜ್ಞಾನ ಬಲ್ಲವರೂ ಒಂದೇ ಅಂಗಳದಲ್ಲಿ ಕೂಡಿ ಜಾತಿ ಲಿಂಗಗಳ ಭೇದವಿಲ್ಲದೆ ಮಕ್ಕಳನ್ನು ಪಳಗಿಸುವುದಾದರೆ, ಗರಡಿ ತನ್ನ ಹೆಸರಿನ ಮೂಲಾರ್ಥವನ್ನು ಮರಳಿ ಪಡೆದೀತು.